ಊರಿನ ಹಳೇ ಕಾಗದ, ಫೋಟೊ: ಮೊದಲು ಪಟ್ಟಿ, ಆಮೇಲೆ ಸ್ಕ್ಯಾನ್

ಊರಿನ ಹಳೇ ಫೋಟೊ, ಪತ್ರ, ಜಾತ್ರೆಯ ಕರಪತ್ರಗಳನ್ನೆಲ್ಲ ಗ್ರಂಥಾಲಯದಲ್ಲಿ ಕೂಡಿಡೋಣ ಎಂಬ ಉತ್ಸಾಹ ಮಂಡ್ಯ ಕಡೆಯ ಹಳ್ಳಿಗಳಲ್ಲಿ ಹುಟ್ಟಿದರೆ ತುಂಬಾ ಸಂತೋಷ. ಆದರೆ ಮೊಬೈಲ್ ತೆಗೆದು ಸೀದಾ ಕ್ಲಿಕ್ಕಿಸಲು ಹೊರಡಬೇಡಿ.

ಮೊದಲು ಬೇಕಾದದ್ದು ದಪ್ಪ ರಟ್ಟಿನ ಒಂದು ರಿಜಿಸ್ಟರ್. ಬಂದ ಪ್ರತಿಯೊಂದಕ್ಕೂ ಒಂದು ನಂಬರು ಕೊಡಿ. ಅದು ಏನು, ಯಾವ ವರ್ಷದ್ದು, ಯಾರು ಕೊಟ್ಟರು, ವಾಪಸ್ ಕೊಡಬೇಕೋ ಇಟ್ಟುಕೊಳ್ಳಬಹುದೋ, ಎಲ್ಲ ಬರೆದು ಕೊಟ್ಟವರ ಸಹಿ ಹಾಕಿಸಿ. ಫೋಟೊ ಆದರೆ ಆ ಮನೆಯ ಹಿರಿಯರ ಪಕ್ಕ ಕೂತುಕೊಳ್ಳಿ. ‘ಅಜ್ಜಿ, ಎಡಗಡೆ ನಿಂತಿರೋರು ಯಾರು?’ ಎಂದು ಒಬ್ಬೊಬ್ಬರನ್ನೇ ತೋರಿಸಿ ಕೇಳಿ. ನಮ್ಮ ಮನೆಯಲ್ಲೊಂದು ಮದುವೆ ಫೋಟೊ ಇದೆ. ಹದಿನಾಲ್ಕು ಜನ ಇದ್ದಾರೆ, ನಾಲ್ವರ ಹೆಸರಷ್ಟೇ ಗೊತ್ತು. ಉಳಿದವರನ್ನು ಗುರುತಿಸುತ್ತಿದ್ದ ದೊಡ್ಡಮ್ಮ ಈಗಿಲ್ಲ. ಫೋಟೊ ಮಾತ್ರ ಚೆನ್ನಾಗಿಯೇ ಉಳಿದಿದೆ.

ಪಟ್ಟಿಗೆ ಇಷ್ಟೊಂದು ಮಹತ್ವ ಯಾಕೆ? ಮೈಸೂರಿನ ಓರಿಯೆಂಟಲ್ ಲೈಬ್ರರಿಯನ್ನೇ (ಈಗಿನ ಪ್ರಾಚ್ಯವಿದ್ಯಾ ಸಂಶೋಧನಾಲಯ) ನೋಡಿ. 1891ರಲ್ಲಿ ಶುರುವಾದ ಅಲ್ಲಿಗೆ ತಂಜಾವೂರು ಕಡೆಯ ಪಂಡಿತರೊಬ್ಬರಿಂದ ಒಂದು ಓಲೆಗರಿ ಕಟ್ಟು ಬಂದಿತ್ತು. ಅದು ಕೌಟಿಲ್ಯನ ಅರ್ಥಶಾಸ್ತ್ರ ಎಂದು 1905ರಲ್ಲಿ ಗುರುತಿಸಿದವರು ಅಲ್ಲಿನ ಆರ್. ಶಾಮಶಾಸ್ತ್ರಿ. 1909ರಲ್ಲಿ ಅಚ್ಚಾಯಿತು. ಯಾರೋ ಕೂತು ಓದಿ, ‘ಇದು ಇಂಥದ್ದು’ ಎಂದು ಬರೆದಿಟ್ಟಿದ್ದರಿಂದ ತಾನೇ ಅದು ಲೋಕಕ್ಕೆ ಸಿಕ್ಕಿದ್ದು?

ಇನ್ನು ಜೋಪಾನದ ಮಾತು. ನಂಬರನ್ನು ಹಿಂಬದಿಯ ಅಂಚಿನಲ್ಲಿ ಪೆನ್ಸಿಲ್‌ನಿಂದ ಮೆಲ್ಲಗೆ ಬರೆಯಿರಿ, ಪೆನ್ ಬೇಡ. ಗುಂಡುಪಿನ್ ತೆಗೆದುಬಿಡಿ, ತುಕ್ಕು ಹಿಡಿಯುತ್ತದೆ. ಹರಿದಲ್ಲಿ ಟೇಪ್ ಅಂಟಿಸಬೇಡಿ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಒಮ್ಮೆ ಮಾಡಿಸಿದರೆ ಕಾಗದವನ್ನು ಹಾಳಾಗದ ಹಾಗೆ ಬಿಡಿಸುವುದು ಕಷ್ಟ. ಬೀರು ಗೋಡೆಗೆ ತಾಗದಿರಲಿ, ಕೆಳಗಿನ ಅರೆ ನೆಲದಿಂದ ಮೇಲಿರಲಿ. ಮಳೆಗಾಲದಲ್ಲಿ ಗೆದ್ದಲು, ಬೂಷ್ಟು ನೋಡುತ್ತಿರಿ. ಓಲೆಗರಿ ಸಿಕ್ಕರೆ ಸುಮ್ನೆ ಎಣ್ಣೆ ಸವರಲು ಹೋಗದೆ, ಮೈಸೂರಿನ ಅದೇ ಸಂಸ್ಥೆಯನ್ನೋ ಮೇಲುಕೋಟೆಯ ಸಂಸ್ಕೃತ ಸಂಶೋಧನಾ ಸಂಸತ್ತನ್ನೋ ಕೇಳಿ.

ಸ್ಕ್ಯಾನ್ ಈಗ. ಬರಹಕ್ಕೆ 300 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಎಂಬ ಲೆಕ್ಕ, ಸ್ಕ್ಯಾನರಿನಲ್ಲಿ ಆರಿಸಿಕೊಳ್ಳುವುದು) ಸಾಕು, ಫೋಟೊಗೆ 600 ಇರಲಿ. ಮೂಲ ಪ್ರತಿ ಟಿಫ್‌ನಲ್ಲಿ (TIFF, ಚಿತ್ರದ ವಿವರ ಕಳೆಯದ ದೊಡ್ಡ ಫೈಲು), ಹಂಚಲು ಜೆಪೆಗ್ (JPEG, ಕುಗ್ಗಿಸಿದ ಚಿಕ್ಕ ಫೈಲು). ವಾಟ್ಸಾಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗಿಹೋಗುತ್ತದೆ, ಅದನ್ನೇ ಮೂಲ ಎಂದು ಇಟ್ಟುಕೊಳ್ಳಬೇಡಿ. ಫೈಲಿನ ಹೆಸರು ರಿಜಿಸ್ಟರ್ ನಂಬರಿನಿಂದಲೇ ಶುರುವಾಗಲಿ: ‘0047-ಮದ್ದೂರು-ಸಂತೆ-1962’ ಅನ್ನುವ ಹಾಗೆ. ಆಗ ಬೀರುವಿನ ಕಾಗದಕ್ಕೂ ಕಂಪ್ಯೂಟರಿನ ಚಿತ್ರಕ್ಕೂ ನಂಟು ತಪ್ಪುವುದಿಲ್ಲ. ವಿವರಗಳನ್ನು ಯೂನಿಕೋಡ್‌ನಲ್ಲೇ, ಅಂದರೆ ಯಾವ ಕಂಪ್ಯೂಟರಿನಲ್ಲೂ ಮೊಬೈಲಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ ವ್ಯವಸ್ಥೆಯಲ್ಲೇ, ಟೈಪ್ ಮಾಡಿ. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಮಾಡಿದ ಫೈಲು ಬೇರೆ ಕಡೆ ತೆರೆದರೆ ಬರೀ ಗೀಟು, ಚಿಹ್ನೆ ಕಾಣುತ್ತವೆ, ಹುಡುಕಲೂ ಆಗದು. ಅಂಥವನ್ನು ಈಗಲೇ ಬದಲಾಯಿಸಿಡಿ.

ಪ್ರತಿಗಳು ಮೂರಿರಲಿ: ಗ್ರಂಥಾಲಯದ ಕಂಪ್ಯೂಟರಿನಲ್ಲಿ ಒಂದು, ಹಾರ್ಡ್‌ಡಿಸ್ಕ್‌ನಲ್ಲಿ ಒಂದು, ಬೇರೆ ಊರಿನ ನಂಬಿಕಸ್ಥರ ಹತ್ತಿರವೋ ಕ್ಲೌಡ್‌ನಲ್ಲೋ (ಇಂಟರ್ನೆಟ್‌ನಲ್ಲಿ ಫೈಲು ಇಡುವ ಜಾಗ) ಇನ್ನೊಂದು. ರಿಜಿಸ್ಟರನ್ನೂ ಪುಟಪುಟವಾಗಿ ಸ್ಕ್ಯಾನ್ ಮಾಡಿ ಜೊತೆಗೆ ಸೇರಿಸಿ. ವರ್ಷಕ್ಕೊಮ್ಮೆ, ಆಯುಧಪೂಜೆಗೆ ಕಂಪ್ಯೂಟರ್ ಒರೆಸುವಾಗ, ಅಲ್ಲೊಂದು ಇಲ್ಲೊಂದು ಫೈಲ್ ತೆರೆದು ನೋಡಿ. ತೆರೆಯದಿದ್ದರೆ ಇನ್ನೊಂದು ಪ್ರತಿಯಿಂದ ಆವತ್ತೇ ಕಾಪಿ ಮಾಡಿಕೊಳ್ಳಿ.