ಸ್ಪೋಕ್ ಬಿಚ್ಚದೆ ತುಕ್ಕು ತೆಗೆದ ಬಗೆ: ನನ್ನ ಅನುಭವ

ಬೈಕ್ ಚಕ್ರದಲ್ಲಿ ತುಕ್ಕು ಹಿಡಿದ ಸ್ಪೋಕ್‌ಗೆ ಎರಡೇ ದಾರಿ ಅನ್ನುವವರು ಹೆಚ್ಚು: ಕೈ ಸೋಲುವವರೆಗೆ ಉಜ್ಜಬೇಕು, ಇಲ್ಲವೇ ಪೂರ್ತಿ ಸೆಟ್ ಬದಲಾಯಿಸಬೇಕು. ಆಸಿಡ್ ಬೆರೆಸಿದ ಗಂಜಿ ಹಚ್ಚಿ ಪ್ಲಾಸ್ಟಿಕ್ ಸುತ್ತಿದರೆ ಕಟ್ಟಿದ ವೀಲಿನಲ್ಲೇ ತುಕ್ಕು ಬಿಡುತ್ತದೆ ಎಂದಾಗ ಯಾರೂ ನಂಬಲಿಲ್ಲ. ಮುಂದಿನದು, ಹಿಂದಿನದು ಸೇರಿ 72 ಸ್ಪೋಕ್ ಈ ರೀತಿಯಲ್ಲೇ ಸ್ವಚ್ಛವಾಗಿವೆ. ಒಂದು ಮಳೆಗಾಲ ಕಳೆದ ಮೇಲೂ ಮತ್ತೆ ಕೆಂಪಾದದ್ದು ಮೂರೋ ನಾಲ್ಕೋ. ಹೊಸ ಸೆಟ್, ವೀಲ್ ಕಟ್ಟುವ ಕೂಲಿ, ಬೆಂಡ್ ತೆಗೆಸುವ ಕೂಲಿ, ರಿಮ್ ಟೇಪ್ ಎಲ್ಲ ಸೇರಿ ಆಗುತ್ತಿದ್ದ ದುಡ್ಡಿನಲ್ಲಿ ಹತ್ತನೇ ಒಂದು ಪಾಲೂ ಖರ್ಚಾಗಲಿಲ್ಲ.

ದುಡ್ಡು ಹಾಳಾದದ್ದು ಅದಕ್ಕೂ ಮುಂಚೆ. ಡ್ರಿಲ್‌ಗೆ ಸಿಕ್ಕಿಸುವ ಕಬ್ಬಿಣದ ತಂತಿ ಬ್ರಷ್ ನಾಲ್ಕು ಸವೆದವು. ಅದು ತುಕ್ಕಿನ ಜೊತೆ ಉಳಿದಿದ್ದ ಪ್ಲೇಟಿಂಗನ್ನೂ ಕೆರೆದು ಹಾಕುತ್ತದೆ, ಸ್ಪೋಕ್‌ಗಳು ಒಂದರ ಮೇಲೊಂದು ಹಾಯುವ ಜಾಗಕ್ಕೆ ಮಾತ್ರ ತಲುಪುವುದೇ ಇಲ್ಲ. ಎಮರಿ ಪೇಪರ್‌ನದೂ ಅದೇ ಕಥೆ: ಆ ದಿನ ಫಳಫಳ, ವಾರದೊಳಗೆ ಮೊದಲಿಗಿಂತ ಹೆಚ್ಚು ಕೆಂಪು. ಟಾಯ್ಲೆಟ್ ತೊಳೆಯುವ ಆಸಿಡನ್ನಂತೂ ಹತ್ತಿರ ತರಲೇಬೇಡಿ. ಅದರಲ್ಲಿರುವುದು ಹೈಡ್ರೋಕ್ಲೋರಿಕ್. ಸತುವಿನ ಲೇಪವನ್ನು ಕೆಲವೇ ನಿಮಿಷಗಳಲ್ಲಿ ನುಂಗಿಬಿಡುತ್ತದೆ, ಅದರ ಹಬೆಗೆ ಅದೇ ಕೋಣೆಯಲ್ಲಿದ್ದ ಚೈನು, ಪಾನಾಗಳಿಗೂ ಮರುದಿನ ತುಕ್ಕು. ಬಲವಾದ ಆಸಿಡ್‌ನಿಂದ ಗಟ್ಟಿ ಉಕ್ಕಿನೊಳಗೆ ಹೈಡ್ರೋಜನ್ ಸೇರಿ ಅದು ಪೆಡಸಾಗುವ ಅಪಾಯವೂ ಇದೆ. ಬಿಗಿದು ನಿಂತ ಸ್ಪೋಕ್‌ಗೆ ಅದು ಒಳ್ಳೆಯದಲ್ಲ.

ಬ್ಯಾಟರಿ ಚಾರ್ಜರ್, ವಾಷಿಂಗ್ ಸೋಡಾ ಹಿಡಿದು ಎಲೆಕ್ಟ್ರೋಲಿಸಿಸ್ (ನೀರಿನಲ್ಲಿ ಕರೆಂಟ್ ಹಾಯಿಸಿ ತುಕ್ಕು ಬಿಡಿಸುವುದು) ಕೂಡ ನೋಡಿಯಾಯಿತು. ಬಿಡಿ ಸ್ಪೋಕ್‌ಗೆ ಅದು ಚೆನ್ನ. ಕಟ್ಟಿದ ವೀಲಿಗೆ ಆಗದು, ಏಕೆಂದರೆ ಸೋಡಾ ನೀರು ಚಕ್ರದ ನಡುವಿನ ಅಲ್ಯೂಮಿನಿಯಂ ಹಬ್ ಅನ್ನು ಕಪ್ಪಾಗಿಸಿ ತಿನ್ನುತ್ತದೆ. ಕಾಕಂಬಿಯ ಪ್ರಯೋಗವೂ ನಡೆಯಿತು: ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು, ಎರಡು ವಾರ. ಹಳೆಯ ಆರು ಸ್ಪೋಕ್ ಅಚ್ಚುಕಟ್ಟಾಗಿ ಬಂದವು, ವಾಸನೆ ಮಾತ್ರ ತಡೆಯಲಾಗದು.

ಕೊನೆಗೆ ಕೈಹಿಡಿದದ್ದು ಸಿಟ್ರಿಕ್ ಆಸಿಡ್, ಅಂದರೆ ನಿಂಬೆ ಉಪ್ಪು. ನೀರಾಗಿ ಹಚ್ಚಿದರೆ ಸ್ಪೋಕ್ ಮೇಲೆ ನಿಲ್ಲದೆ ಇಳಿದು ನಿಪ್ಪಲ್ (ಸ್ಪೋಕನ್ನು ರಿಮ್‌ಗೆ ಬಿಗಿಯುವ ಪುಟ್ಟ ನಟ್) ಸೇರುತ್ತದೆ. ಅದಕ್ಕೇ ಗಂಜಿ. ಅರ್ಧ ಲೀಟರ್ ನೀರಿಗೆ ಸುಮಾರು 40 ಗ್ರಾಂ ಕಾರ್ನ್‌ಫ್ಲೋರ್ ಕದಡಿ, ಕುದಿಸಿ, ಗಟ್ಟಿಯಾದ ಮೇಲೆ ಪೂರ್ತಿ ಆರಿಸಿ. ಆಮೇಲಷ್ಟೇ 50ರಿಂದ 60 ಗ್ರಾಂ ನಿಂಬೆ ಉಪ್ಪು ಬೆರೆಸಿ. ಮೊದಲೇ ಹಾಕಿ ಕುದಿಸಿದರೆ ಆಸಿಡ್ ಗಂಜಿಯ ಅಂಟನ್ನು ಮುರಿದು ಎಲ್ಲ ತೆಳ್ಳಗಾಗುತ್ತದೆ. ಮೊದಲ ಎರಡು ಪಾತ್ರೆ ಹಾಳಾದದ್ದು ಹೀಗೇ. ಇದಕ್ಕೆ ಬೆರೆಸುವ ಇನ್ನೊಂದು ಸಾಮಾನಿದೆ, ಅದು ನನ್ನಲ್ಲೇ ಇರಲಿ. ಅದಿಲ್ಲದೆಯೂ ಕೆಲಸ ಆಗುತ್ತದೆ.

ವೀಲನ್ನು ಗಾಡಿಯಿಂದ ಇಳಿಸಿ, ಡಿಸ್ಕ್ ಇದ್ದರೆ ಬಿಚ್ಚಿಡಿ. ಬೇರಿಂಗ್, ಡ್ರಮ್ ಎರಡಕ್ಕೂ ಪ್ಲಾಸ್ಟಿಕ್ ಕಟ್ಟಿ ಟೇಪ್ ಹಾಕಿ. ಸೋಪು ನೀರಿನಲ್ಲಿ ಚೈನ್ ಗ್ರೀಸ್ ಪೂರ್ತಿ ಹೋಗಬೇಕು. ಜಿಡ್ಡಿನ ಮೇಲೆ ಗಂಜಿ ಕೂತರೆ ಅಲ್ಲಲ್ಲಿ ಮಚ್ಚೆ ಉಳಿಯುತ್ತದೆ. ಪ್ರತಿ ನಿಪ್ಪಲ್ ಬಾಯಿಗೆ ದಪ್ಪ ಗ್ರೀಸನ್ನು ಉಂಗುರದಂತೆ ಮೆತ್ತಿ. ಆಸಿಡ್ ಥ್ರೆಡ್ ಒಳಗೆ ಹೋಗದಂತೆ ತಡೆಯುವ ಕಟ್ಟೆ ಇದೇ. ಒಮ್ಮೆ ಇದನ್ನು ಬಿಟ್ಟದ್ದಕ್ಕೆ ಐದು ನಿಪ್ಪಲ್ ಜಾಮ್ ಆಗಿ, ಎರಡನ್ನು ಕತ್ತರಿಸಬೇಕಾಯಿತು.

ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಗಂಜಿಯನ್ನು ಎರಡು ಮಿಲಿಮೀಟರ್ ದಪ್ಪಕ್ಕೆ ಹಚ್ಚಿ, ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿ. ಒಣಗಲು ಬಿಡಬಾರದು, ಒಣಗಿದಲ್ಲಿ ಹಳದಿ ಬೂದು ಕಲೆ ಕೂರುತ್ತದೆ. ತೆಳು ತುಕ್ಕಿಗೆ ಮುಕ್ಕಾಲು ಗಂಟೆ. ಹಬ್ ಹತ್ತಿರದ ಕೊಕ್ಕೆಯಂಥ ಬಾಗಿನಲ್ಲಿ ತುಕ್ಕು ಹೆಚ್ಚು, ಅಲ್ಲಿಗೆ ಎರಡು ಗಂಟೆ. ಇನ್ನೂ ಉಳಿದರೆ ಹೊಸ ಗಂಜಿ ಹಚ್ಚಿ, ಹಳೆಯದನ್ನೇ ರಾತ್ರಿಯಿಡೀ ಬಿಡಬೇಡಿ. ಕ್ರೋಮ್ ಸ್ಪೋಕ್‌ಗೆ ಈ ಲೆಕ್ಕ ಸರಿ. ಸತು ಲೇಪದ ಮಂಕು ಸ್ಪೋಕ್ ಆದರೆ ಆಸಿಡ್ ಮೊದಲು ತಿನ್ನುವುದು ಸತುವನ್ನೇ. ಅಂಥದ್ದಕ್ಕೆ ಹತ್ತಿಪ್ಪತ್ತು ನಿಮಿಷ ಸಾಕು, ತುಕ್ಕಿದ್ದಲ್ಲಿ ಮಾತ್ರ ಹಚ್ಚಿ.

ಪ್ಲಾಸ್ಟಿಕ್ ಬಿಚ್ಚಿದಾಗ ಗಂಜಿ ಕಂದು ಹಸಿರಾಗಿ, ಬೆರಳಲ್ಲಿ ಒರೆಸಿದರೆ ಕೆಳಗೆ ಬೂದು ಲೋಹ ಕಾಣುತ್ತದೆ. ಈಗ ಒಂದು ಇಂಚು ಅಗಲದ ಹತ್ತಿ ಬಟ್ಟೆಯ ಪಟ್ಟಿಯನ್ನು ಸ್ಪೋಕ್‌ಗೆ ಒಂದು ಸುತ್ತು ಹಾಕಿ, ಎರಡೂ ತುದಿ ಹಿಡಿದು ಕಡಗೋಲಿನ ಹಗ್ಗ ಎಳೆದಂತೆ ಎಳೆಯಿರಿ. ಹಾಯುವ ಜಾಗಗಳಿಗೆ ಇದರಷ್ಟು ಒಳ್ಳೆಯ ಆಯುಧ ಇನ್ನೊಂದಿಲ್ಲ. ಮೊಂಡು ಚುಕ್ಕೆಗಳಿಗೆ ಹಿತ್ತಾಳೆ ಬ್ರಷ್. ಕ್ರೋಮ್ ಮೇಲೆ ಒದ್ದೆ ಅಲ್ಯೂಮಿನಿಯಂ ಫಾಯಿಲ್ ಕೂಡ ಚೆನ್ನಾಗಿ ನಡೆಯುತ್ತದೆ, ಕ್ರೋಮ್‌ಗಿಂತ ಅದು ಮೆತ್ತಗೆ, ಗೀರು ಬೀಳುವುದಿಲ್ಲ.

ಮುಂದಿನ ಹತ್ತು ನಿಮಿಷದಲ್ಲೇ ಕೆಲಸ ಕೆಡುವುದು. ತೊಳೆದ ಬರಿ ಉಕ್ಕು ಕಣ್ಣೆದುರೇ ಕಿತ್ತಳೆಗೆ ತಿರುಗುತ್ತದೆ. ಲೀಟರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಒರೆಸಿ, ಸಾದಾ ನೀರು ಹನಿಸಿ, ಕೂಡಲೇ ಹೇರ್ ಡ್ರೈಯರ್ ಹಿಡಿಯಿರಿ. ಪ್ರೆಷರ್ ವಾಷರ್ ಬೇಡ, ನೀರು ಬೇರಿಂಗ್ ಸೇರುತ್ತದೆ. ಸ್ಪೋಕ್ ಇನ್ನೂ ಬೆಚ್ಚಗಿರುವಾಗಲೇ ವ್ಯಾಕ್ಸ್ ಹಚ್ಚಿ. ಒಂದು ವೀಲಿಗೆ ಕ್ಲಿಯರ್ ಲ್ಯಾಕರ್ ಸಿಂಪಡಿಸಿ ನೋಡಿದೆ. ಹಾಯುವ ಜಾಗದಲ್ಲಿ ತಿಕ್ಕಿ ಬಿರುಕು ಬಿಟ್ಟು, ನೀರು ಒಳಹೊಕ್ಕು, ಪದರದಡಿ ಎಳೆ ಎಳೆಯಾಗಿ ತುಕ್ಕು ಹರಡಿತು. ಎರಡು ತಿಂಗಳಿಗೊಮ್ಮೆ ವ್ಯಾಕ್ಸ್ ಹಚ್ಚುವುದೇ ವಾಸಿ.

ಕಣ್ಣಿಗೆ ಸ್ವಚ್ಛವಾದ ಸ್ಪೋಕ್ ಎಲ್ಲವೂ ಉಳಿಸಿಕೊಳ್ಳುವಂಥದ್ದಲ್ಲ. ಬಾಗಿನಲ್ಲಿ ಉಗುರು ಸಿಕ್ಕುವಷ್ಟು ಗುಳಿ ಇದ್ದರೆ ಬದಲಾಯಿಸಿ, ಮುಲಾಜು ಬೇಡ. ನಡುಭಾಗಕ್ಕೆ ದಪ್ಪ ಅಳೆಯುವ ವರ್ನಿಯರ್ ಇಟ್ಟು ನೋಡಿ, ಮೂರೂವರೆ ಮಿಲಿಮೀಟರ್ ಸ್ಪೋಕ್ 0.2 ಮಿಲಿಮೀಟರ್ ಸವೆದಿದ್ದರೆ ನಾನು ಇಡುವುದಿಲ್ಲ. ಒಂದೊಂದಾಗಿಯೇ ಬದಲಿಸಿ, ನಾಲ್ಕೈದು ಒಟ್ಟಿಗೆ ಸಡಿಲಿಸಿದರೆ ರಿಮ್ ಔಟ್ ಆಗುತ್ತದೆ, ಅಂದರೆ ಸೊಟ್ಟಗಾಗುತ್ತದೆ. ಗ್ರೀಸ್ ಒರೆಸಿ ನಿಪ್ಪಲ್‌ಗೊಂದು ತೊಟ್ಟು ತೆಳು ಎಣ್ಣೆ ಬಿಡಿ. ಸ್ಪೋಕ್ ಕೀಯಿಂದ ಒಂದೊಂದನ್ನೇ ತಟ್ಟಿ ಕೇಳಿ: ಬಿಗಿಯಿದ್ದದ್ದು ಟಣ್ ಎನ್ನುತ್ತದೆ, ಸಡಿಲವಾದದ್ದು ಡಬ್ ಎನ್ನುತ್ತದೆ. ಡಬ್ ಎಂದದ್ದಕ್ಕೆ ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ತಟ್ಟಿ ನೋಡಿ.