ಗೀಸರ್ ಬದಲಿಸ್ತೀರಾ? ಲೀಟರ್ ಕೇಳುವ ಮೊದಲು ಬಕೀಟು ಎಣಿಸಿ

ಗೀಸರ್ ಕೆಟ್ಟ ದಿನ ಎಲ್ಲರೂ ಮಾಡುವುದು ಒಂದೇ. ಹಳೆಯದರ ಮೇಲೆ ಎಷ್ಟು ಲೀಟರ್ ಅಂತ ಬರೆದಿದೆಯೋ ನೋಡಿಕೊಂಡು ಅಂಗಡಿಗೆ ಹೋಗಿ ಅಷ್ಟರದ್ದೇ ಇನ್ನೊಂದು ತರುವುದು. ನಾನೂ ಹಾಗೇ ಹೊರಟಿದ್ದೆ. ನಮ್ಮ ಬೆಳಗಾವಿ ಮನೆಯ 25 ಲೀಟರಿನ ಗೀಸರ್ ಐದು ಮಂದಿ ಇದ್ದಾಗ ತಂದದ್ದು, ಈಗ ಮಕ್ಕಳಿಬ್ಬರೂ ಓದಲು ಹೊರಗಿದ್ದಾರೆ, ಉಳಿದವರು ನಾವಿಬ್ಬರು ಮತ್ತು ಅವ್ವ. ಅಂಗಡಿಯವರು ಮಾತ್ರ "ದೊಡ್ಡದs ತೊಗೊಳ್ರಿ ಸರ್, ಇರ್ಲಿ" ಅಂದರು. ಸುಮ್ನೆ ಮನೆಗೆ ಬಂದು ಲೆಕ್ಕಕ್ಕೆ ಕೂತೆ.

ಮೊದಲು ನಿಮ್ಮ ಬಕೀಟು ಅಳೆಯಿರಿ. ಲೀಟರ್ ಬಾಟಲಿಯಿಂದ ನೀರು ಸುರಿಯುತ್ತಾ ಹೋಗಿ, ಜಳಕಕ್ಕೆ ದಿನಾ ತುಂಬುವಷ್ಟು ಮಟ್ಟಕ್ಕೆ ನಿಲ್ಲಿಸಿ. ನಮ್ಮದು 20 ಲೀಟರ್ ಬಂತು. ಒಬ್ಬರಿಗೆ ಒಂದೂವರೆ ಬಕೀಟು ಅಂದರೆ 30 ಲೀಟರ್. ಅದೆಲ್ಲ ಗೀಸರಿನಿಂದಲೇ ಬರಬೇಕಿಲ್ಲ. ಗೀಸರಿನ ನೀರು 60 ಡಿಗ್ರಿ, ನಲ್ಲಿಯ ನೀರು 20 ಡಿಗ್ರಿ ಅಂತ ಹಿಡಿದರೆ, ಅರ್ಧಕ್ಕರ್ಧ ಬೆರೆಸಿದಾಗ ಮೈಗೆ ಹಿತವಾದ 40 ಆಗುತ್ತದೆ. ಅಂದರೆ ಒಂದು ಜಳಕಕ್ಕೆ ಸುಡುನೀರು 15 ಲೀಟರ್ ಸಾಕು.

ಲೆಕ್ಕ ಚಳಿಗಾಲದ್ದೇ ಇರಲಿ. ಬೆಳಗಾವಿ ಸುಮಾರು 2,500 ಅಡಿ ಎತ್ತರದಲ್ಲಿದೆ, ಜನವರಿಯ ನಸುಕಿನಲ್ಲಿ ಟಾಕಿಯ ನೀರು ಮುಟ್ಟಿದರೆ ಗೊತ್ತಾಗುತ್ತದೆ. (ವಿಜಯಪುರದವರಿಗೆ ಮೇ ತಿಂಗಳಲ್ಲಿ ನೀರು ತಣ್ಣಗೆ ಮಾಡುವ ಗೀಸರ್ ಬೇಕು, ಅದು ಬೇರೆ ಮಾತು.)

ಇನ್ನು ಜನ ಎಷ್ಟು ಅನ್ನುವುದಕ್ಕಿಂತ, ಎಷ್ಟು ಹೊತ್ತಿನೊಳಗೆ ಎಷ್ಟು ಜನರ ಜಳಕ ಮುಗಿಯಬೇಕು ಅನ್ನುವುದೇ ಮುಖ್ಯ. 2000 ವ್ಯಾಟಿನ ಕಾಯಿಲ್ 15 ಲೀಟರನ್ನು 20ರಿಂದ 60 ಡಿಗ್ರಿಗೆ ತರಲು ಸುಮಾರು 21 ನಿಮಿಷ ಬೇಕು, 25 ಲೀಟರಿಗೆ 35 ನಿಮಿಷ. ಗಂಟೆಗೆ ಹತ್ತಿರ ಹತ್ತಿರ 40 ಲೀಟರ್ ಅನ್ನಿ. ಹಾಗಾಗಿ ಮೊದಲೇ ಕಾದು ನಿಂತ ಗೀಸರಿನಿಂದ ಒಂದು ಗಂಟೆಯಲ್ಲಿ ಸಿಗುವುದು ಅದರ ಲೀಟರ್ ಮತ್ತು ಇನ್ನೊಂದು 40. ನಾಲ್ಕು ಮಂದಿ ಒಂದೇ ಗಂಟೆಯಲ್ಲಿ ಮುಗಿಸಬೇಕಾದರೆ 60 ಲೀಟರ್ ಸುಡುನೀರು ಬೇಕು. 15ರ ಗೀಸರ್ 55 ಕೊಡುತ್ತದೆ, ಸಾಲದು. 25ರದ್ದು 65, ಸಾಕು. ನಮ್ಮಲ್ಲಿ ಅರ್ಧ ಗಂಟೆಯಲ್ಲಿ ಇಬ್ಬರ ಜಳಕ, ಅವ್ವನದು ಹತ್ತು ಗಂಟೆಗೆ. ಬೇಕಾದದ್ದು 30, 15ರ ಗೀಸರಿನಿಂದ ಸಿಗುವುದು 35. ಮತ್ತೆ 25 ಯಾಕೆ, ಅಲ್ವಾ? ಮಿಕ್ಕ ಹತ್ತು ಲೀಟರ್ ಕಾಯಿಸಿ ಆರಿಸುವುದಕ್ಕೂ ಕರೆಂಟು ಹೋಗುತ್ತದೆ.

ಒಂದು ವಿಷಯ ಮಾತ್ರ ಯಾರೂ ಹೇಳುವುದಿಲ್ಲ: ವೋಲ್ಟೇಜ್. 230ರ ಬದಲು 190 ಬಂದರೆ 2000 ವ್ಯಾಟಿನ ಕಾಯಿಲ್ 1,400ಕ್ಕಿಂತ ಕಡಿಮೆ ಕೆಲಸ ಮಾಡುತ್ತದೆ, 21 ನಿಮಿಷ ಹೋಗಿ 30 ದಾಟುತ್ತದೆ. ಬೆಳಿಗ್ಗೆ ನಿಮ್ಮ ಓಣಿಯಲ್ಲಿ ಬಲ್ಬು ಮಂಕಾಗುತ್ತಿದ್ದರೆ ಗಂಟೆಗೆ 40 ಅಲ್ಲ, 28 ಅಂತ ಹಿಡಿಯಿರಿ. ಆಗ ನಾಲ್ವರಿಗೆ 25ರದ್ದೂ ಸಾಲುವುದಿಲ್ಲ, ಒಬ್ಬರನ್ನು ಬೇಗ ಎಬ್ಬಿಸಬೇಕು.

ನೀರು ಸವಳಾಗಿದ್ದರೆ ಕಾಯಿಲಿನ ಮೇಲೆ ಸುಣ್ಣ ಕಟ್ಟಿ ಕಾಯುವುದು ನಿಧಾನವಾಗುತ್ತದೆ, ಕೊನೆಗೆ ಸುಟ್ಟೇ ಹೋಗುತ್ತದೆ. ಬಾಗಲಕೋಟೆ, ವಿಜಯಪುರದ ಕಡೆ ಬೋರಿನ ನೀರು ಬಳಸುವವರಿಗೆ ಇದು ಗೊತ್ತಿರುವ ಕಥೆಯೇ. ಅಂಥ ನೀರಿಗೆ ಟ್ಯಾಂಕೂ ತುಕ್ಕು ಹಿಡಿಯುತ್ತದೆ, ಹಾಗಾಗಿ ಅಂಥವರು ಒಳಗೆ ಗಾಜಿನ ಲೇಪವಿರುವ (ಗ್ಲಾಸ್ ಲೈನಿಂಗ್) ಟ್ಯಾಂಕ್ ಕೇಳಿ, ತುಕ್ಕನ್ನು ತಾನೇ ತಿಂದು ಟ್ಯಾಂಕ್ ಉಳಿಸುವ ಒಳಗಿನ ಮೆಗ್ನೀಸಿಯಂ ರಾಡ್ ವರ್ಷಕ್ಕೊಮ್ಮೆ ತೆಗೆಸಿ ನೋಡಿಸಿ.

ಮೂರು ಲೀಟರಿನ ಇನ್‌ಸ್ಟಂಟ್ ಗೀಸರ್ ಅಡುಗೆಮನೆಗೆ ಸರಿ. ಚಳಿಗಾಲದಲ್ಲಿ 3000 ವ್ಯಾಟಿನದ್ದು ನಿಮಿಷಕ್ಕೆ ಎರಡು ಲೀಟರಿನಷ್ಟೇ ಬಿಸಿ ಕೊಡುತ್ತದೆ, ಬಕೀಟು ತುಂಬಲು ಹತ್ತು ನಿಮಿಷ. ಅದು 13 ಆಂಪಿಯರ್ ಎಳೆಯುತ್ತದೆ, ಹಾಗಾಗಿ 16 ಆಂಪಿಯರಿನ ಸಾಕೆಟ್ಟು, ದಪ್ಪ ವೈರು, ಅರ್ಥಿಂಗ್ ಇರಲೇಬೇಕು. ಗ್ಯಾಸ್ ಗೀಸರನ್ನಂತೂ ಮುಚ್ಚಿದ ಬಚ್ಚಲೊಳಗೆ ಹಾಕಿಸಲೇಬೇಡಿ. ವಿಷಗಾಳಿ ತುಂಬಿ ಜೀವ ಹೋಗುತ್ತದೆ.

ದೀಪಾವಳಿಗೆ ನೆಂಟರು ಬಂದರೆ? ಅದನ್ನೇ ಅವ್ವ ಕೇಳಿದರು. ವರ್ಷದಲ್ಲಿ ಎರಡು ದಿನಕ್ಕಾಗಿ ದೊಡ್ಡ ಗೀಸರ್ ಯಾಕೆ ಅಂತ ನಾನು 15 ಲೀಟರಿನದೇ ತಂದೆ. ಅಟ್ಟದ ಮೇಲೆ ತಾಮ್ರದ ಬಂಬ ಇನ್ನೂ ಇದೆ. ನರಕ ಚತುರ್ದಶಿಯ ದಿನ ಹಿತ್ತಲಲ್ಲಿ ಅದಕ್ಕೇ ಒಂದಿಷ್ಟು ಕಟ್ಟಿಗೆ ಹಾಕಿದರಾಯಿತು.