ಮಿಶಿಗನ್ ಆಟಗಾರರ ಕಾರ್ಡ್ ಕೂಡಿಸೋದು ಹೇಗೆ?

ಮಿಶಿಗನ್ ಯೂನಿವರ್ಸಿಟಿ ಫುಟ್‌ಬಾಲ್ ತಂಡದಿಂದ ಎನ್‌ಎಫ್‌ಎಲ್‌ಗೆ (ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್) ಹೋದವರ ಫೋಟೋ ಇರುವ ಕಾರ್ಡ್ ಕೂಡಿಸಬೇಕಾ? ಮೊದಲು ಒಂದು ಮಿತಿ ಹಾಕಿಕೊಳ್ಳಿ, ಇಲ್ಲದಿದ್ದರೆ ಜೇಬಿಗೆ ಕತ್ತರಿ. ಒಬ್ಬೊಬ್ಬರದು ಒಂದೊಂದು ರೂಕಿ ಕಾರ್ಡ್, ಅಂದರೆ ಎನ್‌ಎಫ್‌ಎಲ್‌ಗೆ ಬಂದ ಮೊದಲ ವರ್ಷದ್ದು, ಇದ್ದರೆ ಸಾಕು.

ಟಾಮ್ ಬ್ರೇಡಿಯಿಂದ ಶುರು ಮಾಡಬೇಡಿ. 2000ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ, 199ನೆಯವರಾಗಿ ಆಯ್ಕೆಯಾದವರು ಅವರು, ಆದರೆ ಆ ವರ್ಷದ ಸಹಿ ಇರುವ ಪ್ಲೇಆಫ್ ಕಂಟೆಂಡರ್ಸ್ ಎಂಬ ಸೆಟ್‌ನ ಕಾರ್ಡ್ ಈಗ ನಮ್ಮಂಥವರು ಸುಮ್ನೆ ನೋಡಿ ಖುಷಿಪಡೋದಕ್ಕೆ ಮಾತ್ರ. ಡೆಸ್ಮಂಡ್ ಹೊವಾರ್ಡ್ 1991ರಲ್ಲಿ ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಗೆದ್ದವರು, ಆದರೂ ಅವರ 1992ರ ಮಾಮೂಲಿ ಕಾರ್ಡ್‌ಗಳು ತುಂಬಾ ಅಗ್ಗ. ಆಗಿನ ಕಂಪನಿಗಳು ಬೇಕಾಬಿಟ್ಟಿ ಅಚ್ಚು ಹಾಕಿದ್ದವು, ಅದಕ್ಕೇ. 1997ರಲ್ಲಿ ಅದೇ ಟ್ರೋಫಿ ಗೆದ್ದ ಚಾರ್ಲ್ಸ್ ವುಡ್ಸನ್ ಅವರ 1998ರ ಕಾರ್ಡ್ ನನ್ನ ಪ್ರಕಾರ ಒಳ್ಳೆ ಆಯ್ಕೆ.

ಕಾಲೇಜು ಜೆರ್ಸಿಯ ಫೋಟೋನೇ ಬೇಕು ಅನ್ನುವವರು ಕಂಟೆಂಡರ್ಸ್ ಡ್ರಾಫ್ಟ್ ಪಿಕ್ಸ್, ಬೋಮನ್ ಯೂನಿವರ್ಸಿಟಿ ಥರದ ಸೆಟ್ ಹುಡುಕಿ.

ಇಬೇನಲ್ಲಿ ಮಾರುವವರು ಹಾಕಿದ ಬೆಲೆ ನಂಬಬೇಡಿ. ಬಾಯಿಗೆ ಬಂದಷ್ಟು ಹೇಳ್ತಾರೆ. ಈಗಾಗಲೇ ಮಾರಾಟವಾದವುಗಳ ಪಟ್ಟಿ ಬೇರೆ ಇರುತ್ತದೆ, ಅದನ್ನು ನೋಡಿ. ಫೋಟೋ ದೊಡ್ಡದು ಮಾಡಿ ನಾಲ್ಕೂ ಮೂಲೆ ಗಮನಿಸಿ: ಬಿಳಿ ಚುಕ್ಕೆ ಕಂಡರೆ ಮೂಲೆ ಸವೆದಿದೆ ಅಂತಲೇ ಅರ್ಥ, ಚೌಕಾಸಿ ಮಾಡಿ.

ಕೈಗೆ ಬಂದ ಕಾರ್ಡನ್ನು ಮೊದಲು ತೆಳು ಪ್ಲಾಸ್ಟಿಕ್ ಸ್ಲೀವ್‌ಗೆ, ಆಮೇಲೆ ಟಾಪ್‌ಲೋಡರ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಕವಚಕ್ಕೆ ಹಾಕಿ. ಜೆರ್ಸಿ ತುಂಡು ಅಂಟಿಸಿದ ಕಾರ್ಡ್ ದಪ್ಪ ಇರುತ್ತದೆ, ಅದನ್ನು ಮಾಮೂಲಿ ಟಾಪ್‌ಲೋಡರ್‌ಗೆ ತುರುಕಬೇಡಿ, ದಪ್ಪ ಕಾರ್ಡಿಗೆ ಅಂತಲೇ ಇರುವುದನ್ನು ತಗೊಳ್ಳಿ.